ನಿಮ್ಮ ದೂರಿನ ನಂಬರು ನಮ್ಮಣ್ಣನದು

ಮಾನ್ಯ ಮುಖ್ಯಾಧಿಕಾರಿಗಳೇ,

ತಮ್ಮ ನಗರಾಡಳಿತ ಕಚೇರಿಯ ಹೊಸ ಜಾಲತಾಣ ತೆರೆದರೆ ಮೊದಲ ಪುಟದಲ್ಲೇ ತಮ್ಮ ಭಾವಚಿತ್ರವಿದೆ. ಅದರ ಕೆಳಗೆ ಹಸಿರು ಪಟ್ಟಿಯಲ್ಲಿ ‘ನಿಮ್ಮ ದೂರು ಕೇಳಲು ನಾವಿದ್ದೇವೆ, ಕರೆ ಮಾಡಿ’ ಎಂಬ ಸಾಲಿದೆ. ಆ ಸಾಲಿನ ಪಕ್ಕದಲ್ಲಿರುವ ಮೊಬೈಲ್ ಸಂಖ್ಯೆ ನನ್ನದು. ನಾನು ತಮ್ಮ ಕಚೇರಿಯ ನೌಕರಳಲ್ಲ. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ನಡೆಸುವವಳು. ತಾವು ದೊಡ್ಡ ಸಮಾರಂಭ ಮಾಡಿ ಈ ಜಾಲತಾಣವನ್ನು ಉದ್ಘಾಟಿಸಿದ ದಿನದಿಂದ ಊರಿನ ಚರಂಡಿ, ಬೀದಿದೀಪ, ಕಸದ ತೊಟ್ಟಿ, ಒಡೆದ ಪೈಪು ಎಲ್ಲವೂ ನನ್ನ ಕಿವಿಗೇ ಬಂದು ಬೀಳುತ್ತಿವೆ. ಈ ವಿಷಯವಾಗಿ ಕೊಟ್ಟ ಅರ್ಜಿಗಳಿಗೆ ತಮ್ಮಿಂದ ಉತ್ತರ ಬಂದಿಲ್ಲ. ಆದ್ದರಿಂದ ಊರಿಗೆಲ್ಲ ಕಾಣುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸದಲ್ಲಿ ಎರಡೂ ಕೈ ಬೇಕು. ಗಾಜಿನ ಮೇಲೆ ಕಟ್ಟರ್ ಇಟ್ಟು ಒಂದೇ ಎಳೆತಕ್ಕೆ ಗೆರೆ ಎಳೆಯಬೇಕು. ನಡುವೆ ನಿಲ್ಲಿಸಿದರೆ ಗಾಜು ತನಗೆ ಬೇಕಾದ ಕಡೆ ಸೀಳುತ್ತದೆ. ಅದೇ ಹೊತ್ತಿಗೆ ಫೋನು ಬಡಿದುಕೊಳ್ಳುತ್ತದೆ. ಎತ್ತದೆ ಬಿಡುವಂತಿಲ್ಲ, ಅದರ ಕಾರಣ ಮುಂದೆ ಹೇಳುತ್ತೇನೆ. ಎತ್ತಿದರೆ ಆಚೆಯಿಂದ ಒಬ್ಬರ ಗದರಿಕೆ: “ನಾಯಿ ಸತ್ತು ಬಿದ್ದು ವಾಸನೆ ಹೊಡೀತಿದೆ, ಯಾವಾಗ ಎತ್ತಿಸ್ತೀರಿ?”

“ನಾನು ಫೋಟೋ ಫ್ರೇಮಿನ ಅಂಗಡಿಯವಳು ಕಣ್ರೀ.”

“ಓಹೋ, ಸಂಬಳ ಸಾಲ್ದು ಅಂತ ಅಂಗಡಿ ಬೇರೆ ಇಟ್ಕೊಂಡಿದೀರಾ? ಇದಕ್ಕೇ ನೋಡಿ ಊರು ಹಿಂಗಾಗಿರೋದು!”

ಅವರಿಗೆ ನಾನು ಏನು ತಾನೇ ಹೇಳಲಿ? ಅವರ ಮನೆ ಮುಂದೆ ನಾಯಿ ಸತ್ತಿರುವುದು ನಿಜ. ಅವರಿಗೆ ಸಿಕ್ಕ ಸರ್ಕಾರ ನಾನೊಬ್ಬಳೇ. ಇನ್ನೊಬ್ಬ ಅಜ್ಜಿ ಇದ್ದಾರೆ, ಸಂಜೆಯಾದರೆ ತಪ್ಪದೆ ಫೋನು ಮಾಡುತ್ತಾರೆ. “ಮಗಳೇ, ನಮ್ಮ ಬೀದಿ ದೀಪ ಇನ್ನೂ ಹತ್ತಿಲ್ಲಮ್ಮ.” ಇದು ಕಚೇರಿಯಲ್ಲ ಎಂದು ಎಷ್ಟೋ ಸಲ ವಿವರಿಸಿದ್ದೇನೆ. “ಗೊತ್ತಮ್ಮ, ಮೊನ್ನೇನೂ ಅದೇ ಹೇಳಿದ್ಯಲ್ಲ. ಆಫೀಸಲ್ಲಿ ಕೇಳೋರು ಯಾರಿದಾರೆ? ನೀನಾದ್ರೆ ಹ್ಞೂಂ ಅಂತೀಯ” ಎನ್ನುತ್ತಾರೆ. ತಮ್ಮ ಆಡಳಿತದ ಬಗ್ಗೆ ಇದಕ್ಕಿಂತ ಚಿಕ್ಕ ವರದಿಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ಮೊದಲ ವಾರದಲ್ಲೇ ತಮ್ಮ ಕಚೇರಿಗೆ ಬಂದೆ. ಕೆಳಮಹಡಿಯಲ್ಲಿ, ಮೊದಲು ದೂರು ವಿಭಾಗವಿದ್ದ ಮೂಲೆಯಲ್ಲಿ, ಈಗ ಪ್ಲಾಸ್ಟಿಕ್ ಹೂಕುಂಡ ಇಟ್ಟಿದ್ದೀರಿ. ಪಕ್ಕದ ಮೇಜಿನಲ್ಲಿ ಕನ್ನಡಕವನ್ನು ಹಣೆಗೇರಿಸಿ ಕೂತಿದ್ದ ಗುಮಾಸ್ತರ ಬಳಿ ಹೋದೆ.

“ದೂರಿದ್ರೆ ವೆಬ್‌ಸೈಟಲ್ಲಿ ನಂಬರಿದೆಯಲ್ಲ ಮೇಡಂ, ಅದಕ್ಕೆ ಮಾಡಿ.”

“ನನ್ನ ದೂರೇ ಆ ನಂಬರಿನ ಬಗ್ಗೆ.”

“ಯಾಕೆ, ಹೋಗ್ತಿಲ್ವಾ? ಇರಿ, ನಾನೇ ಮಾಡಿ ತೋರಿಸ್ತೀನಿ.” ಅವರು ನಂಬರು ಒತ್ತಿ ಫೋನನ್ನು ಕಿವಿಗಿಟ್ಟುಕೊಂಡರು. ಗೆದ್ದವರ ಹಾಗೆ ಒಂದು ಬೆರಳು ಎತ್ತಿ, “ನೋಡಿ, ರಿಂಗಾಗ್ತಿದೆ” ಎಂದರು. ನನ್ನ ಚೀಲದೊಳಗೆ ಫೋನು ಹೊಡೆದುಕೊಳ್ಳತೊಡಗಿತು. “ನಿಮಗೆ ಯಾರೋ ಮಾಡ್ತಿದಾರೆ ಮೇಡಂ, ಎತ್ಕೊಳ್ಳಿ, ಪರವಾಗಿಲ್ಲ” ಎಂದು ಸೌಜನ್ಯವನ್ನೂ ತೋರಿದರು. ಎತ್ತಿಕೊಂಡೆ.

“ಹಲೋ, ದೂರು ವಿಭಾಗನಾ?” ಎಂದರು, ನನ್ನ ಮುಖ ನೋಡುತ್ತಲೇ.

“ಹೌದು. ನಿಮ್ಮೆದುರೇ ನಿಂತಿದೀನಿ, ಹೇಳಿ.”

ಅವರು ಫೋನನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋನನ್ನು ನೋಡಿದರು. ಪಕ್ಕದ ಮೇಜಿನ ಹೆಣ್ಣುಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕೊನೆಗೆ ಅವರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವರು ಕನ್ನಡಕ ಇಳಿಸಿಕೊಂಡು, “ಇದು ನಮ್ಮ ಸೆಕ್ಷನ್ ಅಲ್ಲ ಮೇಡಂ. ಮಾಡಿಕೊಟ್ಟ ಕಂಪನಿಯವರನ್ನೇ ಕೇಳ್ಬೇಕು” ಎಂದು ತಮ್ಮ ಕೆಲಸಕ್ಕೆ ತಿರುಗಿದರು. ಆವತ್ತು ನನಗೆ ನಗಲು ಸಾಧ್ಯವಿತ್ತು ಎಂಬುದನ್ನು ಈಗ ನೆನೆದರೆ ಆಶ್ಚರ್ಯವಾಗುತ್ತದೆ.

ಕಂಪನಿಗೂ ಹೋದೆ. ಅಲ್ಲಿದ್ದ ಯುವಕ ಮರ್ಯಾದೆಯಿಂದ ಕೂರಿಸಿ ನೀರು ಕೊಟ್ಟ. “ಅದು ಡಮ್ಮಿ ನಂಬರ್ ಆಂಟಿ” ಎಂದ.

“ಡಮ್ಮಿ ಅಂದ್ರೆ?”

“ಸುಮ್ನೆ ಜಾಗ ತುಂಬೋಕೆ. ಬೆರಳಿಗೆ ಸುಲಭ ಆಗೋ ಅಂಥದ್ದು ಯಾವುದೋ ಒಂದು ಹೊಡೆದಿರ್ತೀವಿ. ಆಫೀಸಿನವರು ನಿಜವಾದ ನಂಬರ್ ಕೊಟ್ಟ ಮೇಲೆ ಬದಲಾಯಿಸ್ತೀವಿ. ಅವರು ಕೊಡಲೇ ಇಲ್ಲ.”

“ನೀವು ಕೇಳಿದ್ರಾ?”

“ಕೇಳಿ ಕೇಳಿ ಸಾಕಾಯ್ತು.” ತನ್ನ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, ಕಳಿಸಿದ ಮೇಲ್‌ಗಳನ್ನು ತೋರಿಸಿದ. ಒಂದಕ್ಕೂ ಉತ್ತರವಿರಲಿಲ್ಲ.

ಉತ್ತರ ಏಕಿರಲಿಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು. ಕೊಡಲು ತಮ್ಮಲ್ಲಿ ನಂಬರೇ ಇರಲಿಲ್ಲ. ಇನ್ನು ಮುಂದೆ ಎಲ್ಲವನ್ನೂ ಜಾಲತಾಣವೇ ನೋಡಿಕೊಳ್ಳುತ್ತದೆ ಎಂದು ತಾವು ದೂರು ವಿಭಾಗದ ದೂರವಾಣಿಯನ್ನು ಮೊದಲೇ ಕಡಿತ ಮಾಡಿಸಿದ್ದಿರಿ. ಅಲ್ಲಿ ಕೂರುತ್ತಿದ್ದ ಗುಮಾಸ್ತೆಯನ್ನು ಬೇರೆ ವಿಭಾಗಕ್ಕೆ ಹಾಕಿದ್ದಿರಿ. ಕೇಳುವ ಕಿವಿಯನ್ನು ತೆಗೆದುಹಾಕಿ, ಕಿವಿಯ ಚಿತ್ರ ಬರೆಸಲು ಟೆಂಡರ್ ಕರೆದಿರಿ.

ಆ ಟೆಂಡರ್ ಪ್ರಕಟಣೆಯನ್ನು ನಾನು ಓದಿದ್ದೇನೆ. ಗಾಜು ಸುತ್ತಿಕೊಡಲು ಹಳೆಯ ಪತ್ರಿಕೆಗಳು ಬೇಕಾಗುವುದರಿಂದ ನನ್ನ ಅಂಗಡಿಯಲ್ಲಿ ಎಲ್ಲ ಪತ್ರಿಕೆಗಳೂ ಇರುತ್ತವೆ. ಸುತ್ತುವ ಮೊದಲು ಓದುವ ಅಭ್ಯಾಸ ಚಿಕ್ಕಂದಿನದು. ಕಂಪನಿಗೆ ಸ್ವಂತ ಕಚೇರಿ ಇರಬೇಕು, ಹಿಂದೆ ಸರ್ಕಾರಿ ಜಾಲತಾಣಗಳನ್ನು ಮಾಡಿದ ಪ್ರಮಾಣಪತ್ರ ಬೇಕು, ಮುಖಪುಟದಲ್ಲಿ ಚಿತ್ರಗಳು ತಾವಾಗಿ ಜಾರುತ್ತಿರಬೇಕು, ಮುಖ್ಯಸ್ಥರ ಭಾವಚಿತ್ರ ಮೇಲೆ ಎದ್ದು ಕಾಣಬೇಕು. ಎಲ್ಲವೂ ಇತ್ತು. ಹಾಕುವ ಮಾಹಿತಿಯನ್ನು ತಮ್ಮ ಕಚೇರಿಯಲ್ಲಿ ಯಾರು ಕೊಡುತ್ತಾರೆ, ಅದು ಸರಿಯೇ ಎಂದು ಯಾರು ನೋಡುತ್ತಾರೆ ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಕಂಪನಿಯನ್ನು ಆರಿಸಿದ ಸಮಿತಿಯಲ್ಲಿ ದೊಡ್ಡ ದೊಡ್ಡವರಿದ್ದರು. ದೂರು ಕೇಳಿ ಅನುಭವವಿದ್ದ ಆ ಗುಮಾಸ್ತೆ ಇರಲಿಲ್ಲ. ಸಿದ್ಧವಾದ ಕೆಲಸವನ್ನು ಸಭಾಂಗಣದ ಪರದೆಯ ಮೇಲೆ ನೋಡಿ ಚಪ್ಪಾಳೆ ತಟ್ಟಿ ಒಪ್ಪಿಕೊಂಡಿರಿ. ಆ ಸಭಾಂಗಣದಲ್ಲಿದ್ದವರೆಲ್ಲರ ಕೈಯಲ್ಲೂ ಫೋನಿತ್ತಲ್ಲವೇ? ಒಬ್ಬರಾದರೂ ಆ ನಂಬರು ಒತ್ತಿ ನೋಡಬಾರದಿತ್ತೇ? ನೋಡಿದ್ದರೆ ನಾನೇ ಎತ್ತಿ ಹೇಳುತ್ತಿದ್ದೆ.

ಈಗ ತಿದ್ದುವುದಾದರೂ ಎಷ್ಟು ಹೊತ್ತಿನ ಕೆಲಸ ಎಂದು ತಮ್ಮ ಉಪ ಅಧಿಕಾರಿಗಳನ್ನು ಕೇಳಿದೆ. ಕಂಪನಿಯ ಗುತ್ತಿಗೆ ಮುಗಿದಿದೆಯಂತೆ. ನಿರ್ವಹಣೆಗೆ ಬೇರೆ ಟೆಂಡರ್ ಕರೆಯಬೇಕಂತೆ. ಪಾಸ್‌ವರ್ಡ್ ವರ್ಗಾವಣೆಯಾಗಿ ಹೋದವರ ಹತ್ತಿರ ಇದೆಯಂತೆ. ಇಷ್ಟು ಹೇಳಿ ಅವರು ಬಹಳ ಪ್ರೀತಿಯಿಂದ ಸಲಹೆಯನ್ನೂ ಕೊಟ್ಟರು: “ಅಷ್ಟು ತೊಂದ್ರೆ ಆಗಿದ್ರೆ ನೀವೇ ನಂಬರ್ ಬದಲಾಯಿಸ್ಕೊಳ್ಳಿ ಅಮ್ಮ. ಈಗೆಲ್ಲ ಎಷ್ಟು ಸುಲಭ.”

ಅದು ಏಕೆ ಸಾಧ್ಯವಿಲ್ಲ ಎಂದು ಅವರಿಗೆ ಹೇಳಿದ್ದೆ. ತಮಗೂ ಹೇಳುತ್ತೇನೆ.

ನನಗೊಬ್ಬ ಅಣ್ಣನಿದ್ದಾನೆ. ವಯಸ್ಸು ಐವತ್ತು ದಾಟಿದೆ, ಬುದ್ಧಿ ಬೆಳೆಯುವುದು ಐದಾರು ವರ್ಷಕ್ಕೇ ನಿಂತಿತು. ಓದು ಬರಹ ಬರುವುದಿಲ್ಲ. ಮನೆ ಯಾವ ಬೀದಿ ಎಂದರೆ “ನಮ್ಮ ಬೀದಿ” ಎನ್ನುತ್ತಾನೆ. ಆದರೆ ನಡೆಯುವುದೆಂದರೆ ಅವನಿಗೆ ಪ್ರಾಣ. ಕೂಡಿಹಾಕಿದರೆ ಅನ್ನ ಮುಟ್ಟುವುದಿಲ್ಲ. ಮೊದಲ ಮೊಬೈಲ್ ಕೊಂಡಾಗ ನಮ್ಮಮ್ಮ ಅಂಗಡಿಯವನ ತಲೆ ತಿಂದು, ಇದ್ದದ್ದರಲ್ಲಿ ಅತಿ ಸುಲಭವಾದ ನಂಬರನ್ನು ಆರಿಸಿಕೊಂಡಳು. ಬಟ್ಟೆ ಮಡಿಸುತ್ತಾ, ಅವನ ತಲೆಗೆ ಎಣ್ಣೆ ಹಚ್ಚುತ್ತಾ, ಹತ್ತು ಅಂಕಿಗಳನ್ನೂ ಹಾಡಿನ ಹಾಗೆ ಬಾಯಿಪಾಠ ಮಾಡಿಸಿದಳು. ಅವನಿಗೆ ಬರುವ ಪಾಠ ಅದೊಂದೇ. ದಾರಿ ತಪ್ಪಿದರೆ ಎದುರಿಗೆ ಸಿಕ್ಕವರ ಮುಂದೆ ನಿಂತು ಆ ಹಾಡು ಹೇಳುತ್ತಾನೆ. ಯಾರೋ ಒಬ್ಬರು ಫೋನು ಮಾಡುತ್ತಾರೆ: “ನಿಮ್ಮಣ್ಣ ಇಲ್ಲೇ ಇದಾರೆ, ಚಹಾ ಕುಡೀತಿದಾರೆ, ನಿಧಾನ ಬನ್ನಿ.” ಅಮ್ಮ ಹೋದ ಮೇಲೂ ಈ ಏರ್ಪಾಡು ಒಮ್ಮೆಯೂ ಕೆಟ್ಟಿರಲಿಲ್ಲ. ಟೆಂಡರ್ ಇಲ್ಲದೆ, ಸಮಿತಿ ಇಲ್ಲದೆ, ಅಕ್ಷರ ಬಾರದ ಒಬ್ಬ ತಾಯಿ ಮಾಡಿಟ್ಟಿದ್ದ ವ್ಯವಸ್ಥೆ ಅದು. ಮಗನ ನಾಲಿಗೆಗೆ ಸುಲಭವಾಗಲಿ ಎಂದು ಅವಳು ಆರಿಸಿದ್ದ ನಂಬರೇ ಕಂಪನಿಯ ಹುಡುಗನ ಬೆರಳಿಗೂ ಸುಲಭವಾಗಿದೆ.

ಕಳೆದ ತಿಂಗಳು ಅಣ್ಣ ಊರಿನ ಆ ತುದಿಗೆ ಹೋಗಿಬಿಟ್ಟ. ಕ್ಷೌರದಂಗಡಿಯವರೊಬ್ಬರ ಮುಂದೆ ನಿಂತು ನಂಬರು ಹೇಳಿದ. ಅವರು ಕೈಲಿದ್ದ ಗಿರಾಕಿಯನ್ನು ಬಿಟ್ಟು ಫೋನು ಮಾಡಿದರು. ಎಂಗೇಜ್. ಮತ್ತೆ ಮಾಡಿದರು, ಎಂಗೇಜ್. ಆ ಹೊತ್ತಿಗೆ ನೀರಿನ ಪೈಪು ಒಡೆದ ಬಡಾವಣೆಯವರೆಲ್ಲ ಒಬ್ಬರ ಹಿಂದೊಬ್ಬರು ನನ್ನನ್ನು ಬೈಯುತ್ತಿದ್ದರು. “ಸಿಗ್ತಿಲ್ಲವಲ್ಲಪ್ಪಾ, ಸಿಗ್ತಿಲ್ಲ” ಎಂದು ಹೇಳಿಕೊಳ್ಳುತ್ತಲೇ ಆ ಪುಣ್ಯಾತ್ಮರು ಇದು ಯಾರ ನಂಬರಿರಬಹುದು ಎಂದು ಫೋನಿನಲ್ಲೇ ಹುಡುಕಿದರು. ತಮ್ಮ ಜಾಲತಾಣ ಬಂತು, ತಮ್ಮ ಭಾವಚಿತ್ರದ ಸಮೇತ. ಹಾಗಾದರೆ ಇವನ ಮನೆಯವರು ಅಲ್ಲೇ ಕೆಲಸ ಮಾಡುತ್ತಿರಬೇಕು ಎಂದುಕೊಂಡು, ಅಂಗಡಿ ಮುಚ್ಚಿ, ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು ತಮ್ಮ ಬಾಗಿಲಿಗೇ ತಲುಪಿಸಿದರು.

ತಮ್ಮ ಕಾವಲುಗಾರ ಹೇಳಿದ್ದೇನೆಂಬುದನ್ನು, ಮರುದಿನ ಮತ್ತೆ ಫೋನು ಮಾಡಿ ವಿಚಾರಿಸಿದ ಆ ಕ್ಷೌರದಂಗಡಿಯವರಿಂದಲೇ ಕೇಳಿ ತಿಳಿದೆ. “ಇದು ದೂರಿನ ನಂಬರು. ದೂರಿದ್ರೆ ಫೋನ್ ಮಾಡಿ.”

“ಮಾಡ್ತಾನೇ ಇದೀನಿ, ಸಿಗ್ತಿಲ್ಲ.”

“ಹಂಗಾದ್ರೆ ಕೂರಿಸಿ ಹೋಗಿ. ಯಾರದ್ದೋ ಕಡೆಯವರಿದ್ರೆ ಬಂದು ಕರ್ಕೊಂಡು ಹೋಗ್ತಾರೆ.”

ಅಣ್ಣ ಹೂಕುಂಡದ ಪಕ್ಕದ ಬೆಂಚಿನ ಮೇಲೆ ಕೂತ. ಹೋಗಿಬರುವವರಿಗೆಲ್ಲ ನಂಬರು ಹೇಳಿದನಂತೆ. ಆ ಕಟ್ಟಡದಲ್ಲಿ ಆ ಸಂಖ್ಯೆಯನ್ನು ಕೇಳಿ ಯಾರಿಗೂ ಏನೂ ಅನ್ನಿಸಲಿಲ್ಲ. ಕಚೇರಿ ಮುಚ್ಚಿತು, ಕಾವಲುಗಾರ ಬದಲಾದ, ಬಂದವನು ಅಣ್ಣನನ್ನು ಎಬ್ಬಿಸಿ ಗೇಟಿನಾಚೆ ಕಳಿಸಿದ. ನಾನಷ್ಟು ಹೊತ್ತಿಗೆ ಅವನು ನಡೆಯುವ ಬೀದಿಗಳನ್ನೆಲ್ಲ ಸುತ್ತುತ್ತಿದ್ದೆ. ಹುಡುಕುತ್ತಲೇ ಫೋನು ಎತ್ತುತ್ತಿದ್ದೆ, ಪ್ರತಿ ಸಲವೂ ಅವನ ಸುದ್ದಿ ಎಂದು. ಪ್ರತಿ ಸಲವೂ ಅದು ನೀರಿನ ಪೈಪು. ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅವನ ಗುರುತಿದ್ದ ಕಂಡಕ್ಟರೊಬ್ಬರು ಹಿಡಿದು ಮನೆಗೆ ತಂದುಬಿಟ್ಟರು. ಒಂದು ಕಾಲಲ್ಲಿ ಚಪ್ಪಲಿಯಿರಲಿಲ್ಲ. ಪಾದ ಸೀಳಿತ್ತು.

ಪಾದದ ಗಾಯ ಮಾಯ್ದಿದೆ. ಆದರೆ ಅಣ್ಣ ಈಗ ನಂಬರು ಹೇಳುವುದಿಲ್ಲ. “ನಂಬರ್ ಹೇಳಣ್ಣಾ” ಎಂದು ಪುಸಲಾಯಿಸಿದರೆ ಮೊದಲ ಮೂರು ಅಂಕಿ ಹೇಳಿ ನಿಲ್ಲಿಸುತ್ತಾನೆ. ಆಮೇಲೆ ತಲೆ ಅಲ್ಲಾಡಿಸಿ, “ಸಿಗಲ್ಲ” ಎನ್ನುತ್ತಾನೆ. ಆದ್ದರಿಂದ ಅವನನ್ನು ಹೊರಗೆ ಬಿಡುವ ಧೈರ್ಯ ನನಗಿಲ್ಲ. ಅಂಗಡಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ದಾರಿ ನೋಡುತ್ತಿರುತ್ತಾನೆ. ನಡೆಯುವವನನ್ನು ಹೀಗೆ ಕೂರಿಸಿಟ್ಟಿರುವುದು ರೋಗವಲ್ಲ, ವಯಸ್ಸಲ್ಲ, ತಮ್ಮ ಮುಖಪುಟದ ಒಂದು ಸಾಲು.

ಇಷ್ಟಾದ ಮೇಲೆ, ಹೋದ ವಾರ, ತಮ್ಮ ಕಚೇರಿಯ ಜವಾನರು ಸುರುಳಿ ಸುತ್ತಿದ ಒಂದು ಪ್ರಶಸ್ತಿಪತ್ರ ಹಿಡಿದು ನನ್ನ ಅಂಗಡಿಗೆ ಬಂದರು. “ಸಾಹೇಬ್ರ ರೂಮಿಗೆ. ಚಿನ್ನದ ಬಣ್ಣದ ಪಟ್ಟಿ ಹಾಕಿ ಮೇಡಂ, ಗ್ರ್ಯಾಂಡಾಗಿರ್ಲಿ” ಎಂದರು. ಬಿಚ್ಚಿ ಓದಿದೆ: ‘ಅತ್ಯುತ್ತಮ ನಾಗರಿಕಸ್ನೇಹಿ ಜಾಲತಾಣ’. ಕಾರಣವನ್ನೂ ಕೆಳಗೆ ಬರೆದಿದ್ದಾರೆ. ಜಾಲತಾಣ ಬಂದ ಮೇಲೆ ತಮ್ಮ ಕಚೇರಿಗೆ ಬರುವ ದೂರುಗಳು ಗಣನೀಯವಾಗಿ ಇಳಿದಿವೆಯಂತೆ. ಇಳಿದಿರುವುದು ಹೌದು ಮಾನ್ಯರೇ. ಎಲ್ಲಿಗೆ ಇಳಿದಿವೆ ಎಂದು ನನ್ನನ್ನು ಕೇಳಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪಾಸ್‌ವರ್ಡ್ ಇರುವವರನ್ನು ಹಿಡಿದು ಆ ಸಂಖ್ಯೆಯನ್ನು ಇವತ್ತೇ ತೆಗೆಸಿ; ಅದಕ್ಕೆ ಟೆಂಡರ್ ಬೇಡ, ನಾಚಿಕೆ ಸಾಕು. ಹೂಕುಂಡ ಎತ್ತಿಸಿ, ಅಲ್ಲಿ ಹಳೆಯ ದೂರವಾಣಿಯನ್ನೂ ಹಳೆಯ ಗುಮಾಸ್ತೆಯನ್ನೂ ವಾಪಸ್ಸು ಕೂರಿಸಿ. ನಿರ್ವಹಣೆಗೆ ಮುಂದೆ ಯಾವ ಕಂಪನಿಯನ್ನೇ ಗೊತ್ತುಮಾಡಿ, ಕರಾರಿನಲ್ಲಿ ಒಂದು ಷರತ್ತು ಬರೆಸಿ: ಚಪ್ಪಾಳೆಗೆ ಮೊದಲು ಕಚೇರಿಯವರೊಬ್ಬರು ಕೂತು ಪುಟದಲ್ಲಿರುವ ಪ್ರತಿ ಸಂಖ್ಯೆಗೂ ಫೋನು ಮಾಡಿ, ಎತ್ತಿದವರು ಯಾರೆಂದು ಕೇಳಬೇಕು. ಇಷ್ಟು ಮಾಡಿದರೆ ನನ್ನ ಫೋನು ಸುಮ್ಮನಾಗುತ್ತದೆ. ಅಮ್ಮನ ಹಾಡನ್ನು ಅಣ್ಣನಿಗೆ ಮೊದಲಿನಿಂದ ಕಲಿಸಲು ನೋಡುತ್ತೇನೆ. ಅವನು ಕಲಿಯುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಕಲಿತರೆ, ಎತ್ತುವವರು ಇರಬೇಕಲ್ಲ.

ಪ್ರಶಸ್ತಿಪತ್ರಕ್ಕೆ ಕಟ್ಟು ಹಾಕಿ ಆಗಿದೆ. ಒಳ್ಳೆಯ ಗಾಜನ್ನೇ ಹಾಕಿದ್ದೇನೆ, ಚಿನ್ನದ ಬಣ್ಣದ ಪಟ್ಟಿಯೂ ಇದೆ. ಜವಾನರನ್ನು ಕಳಿಸುವ ಮೊದಲು ದಯಮಾಡಿ ತಾವೇ ಒಂದು ಫೋನು ಮಾಡಿ. ನನ್ನ ನಂಬರು ತಮ್ಮ ಜಾಲತಾಣದಲ್ಲಿದೆ.

ಇಂತಿ,
ಅರ್ಜಿ ಹಾಕದೆ, ಸಂದರ್ಶನವಿಲ್ಲದೆ ನೇಮಕಗೊಂಡಿರುವ
ತಮ್ಮ ದೂರು ವಿಭಾಗ