ಪಾಯಿಂಟ್ ಹದಿನೇಳರಲ್ಲಿ ಯಾರೂ ಇರಲಿಲ್ಲ

ಆಗಸ್ಟ್ ೨೧, ಶುಕ್ರವಾರ. ಬೆಳಿಗ್ಗೆ

ಇವತ್ತೂ ಏಳಕ್ಕೆ ಮೊದಲೇ ಸುತ್ತಿಗೆ ಸದ್ದು. ಅಂಗಡಿಯವರೆಲ್ಲ ಗಾಜಿನ ಮೇಲೆ ಪ್ಲೈವುಡ್ ಹೊಡೀತಿದ್ದಾರೆ. ಬೀದಿ ಹಬ್ಬಕ್ಕೆ ಇಲ್ಲಿ ಮೊದಲು ಬರೋದು ಮೊಳೆ, ಆಮೇಲೆ ಪೊಲೀಸ್, ಕೊನೆಗೆ ಜನ. ಬಿಪಿ ಮಾತ್ರೆ ತಗೊಂಡೆ. ಹಾಲು ಉಕ್ಕಿತು, ಒಲೆ ಒರೆಸಿದೆ.

ಎದುರಿನ ಬೀಗದಂಗಡಿಯವನು ಏಣಿ ಮೇಲಿದ್ದ. ಮಗ ಕೆಳಗೆ ಏಣಿ ಹಿಡಿದಿದ್ದ. ಕಿಟಕಿಯಿಂದಲೇ ಕೇಳಿದೆ — ಊರಿಗೆಲ್ಲ ಬೀಗ ಮಾರ್ತೀಯಲ್ಲಯ್ಯಾ, ನಿನಗೇ ಅದರ ಮೇಲೆ ನಂಬಿಕೆ ಇಲ್ವಾ?

"ಬೀಗ ಇರೋದು ಕಳ್ಳರಿಗೆ ಆಯಮ್ಮಾ. ಹಲಗೆ ಕುಡಿದು ಕುಣಿಯೋರಿಗೆ" ಅಂದ.

"ಮಿಕ್ಕಿದ ತುಂಡು ಆಯಮ್ಮನ ಬಾಯಿಗೆ ಹೊಡೀಲಾ ಅಪ್ಪಾ?" ಅಂತ ಮಗ.

ಇಪ್ಪತ್ತಾರು ವಯಸ್ಸು, ಮಾತು ಅರವತ್ತರದ್ದು. ಎರಡು ಸಲ ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದೆ. ಎರಡು ಸಲವೂ ಬೈದುಕೊಂಡೇ ತೆಗೆದುಕೊಟ್ಟ. ಆಸ್ಪತ್ರೆಯಲ್ಲಿ ಆಯಾ ಕೆಲಸ ಬಿಟ್ಟು ಹದಿನಾಲ್ಕು ವರ್ಷ ಆಯಿತು. ಈ ಬೀದಿಗೆ ನಾನಿನ್ನೂ ಆಯಮ್ಮನೇ.

ಅದೇ ದಿನ, ಸಂಜೆ

ಮೊಮ್ಮಗಳಿಗೆ ಈ ಸಲ ಬಂದೋಬಸ್ತ್ ನಮ್ಮ ಕಿಟಕಿ ಕೆಳಗೇ ಬಿದ್ದಿದೆ. ಪಾಯಿಂಟ್ ಹದಿನೇಳು. ಬೀಗದಂಗಡಿ ಪಕ್ಕದ ಸಂದಿ. ಹಬ್ಬಕ್ಕೆ ಬರೋರನ್ನೆಲ್ಲ ಎರಡು ದೊಡ್ಡ ಗೇಟಿನಲ್ಲೇ ತಡವಿ, ಬ್ಯಾಗ್ ಬಿಚ್ಚಿಸಿ ಒಳಗೆ ಬಿಡ್ತಾರಂತೆ. ಸಂದಿಗಳಿಗೆಲ್ಲ ಬ್ಯಾರಿಕೇಡ್. ಒಂದೊಂದಕ್ಕೆ ಒಬ್ಬೊಬ್ಬ ಪೇದೆ. ಅಲ್ಲಿಂದ ಒಂದು ನರಪಿಳ್ಳೆ ನುಸುಳಬಾರದು.

"ನನ್ನ ಬದಲಿಗೆ ರಿಲೀವರ್ ಬರೋ ತನಕ ಕದಲೋ ಹಾಗಿಲ್ಲ ಅಜ್ಜಿ."

"ಒಂದಕ್ಕೆ ಬಂದರೆ?"

"ರಿಲೀವರ್ ಬರ್ತಾನೆ."

"ಅವನಿಗೂ ಅದೇ ಹೊತ್ತಿಗೆ ಬಂದರೆ?"

ಬಿದ್ದು ಬಿದ್ದು ನಕ್ಕಳು ನಮ್ಮ ಪೊಲೀಸಮ್ಮ. ಅವಳಮ್ಮ ತೀರಿಕೊಂಡಾಗ ನಾಲ್ಕು ವರ್ಷ ಇವಳಿಗೆ. ನಗೋಕೆ ಮತ್ತೆ ಕಲಿಸೋಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

ಆಗಸ್ಟ್ ೨೨, ಶನಿವಾರ

ಹಬ್ಬದ ಮೊದಲ ದಿನ. ಹದಿನಾಲ್ಕು ಗಂಟೆ ನಿಂತಳು. ಕೊಟ್ಟ ಊಟದ ಪೊಟ್ಟಣ ಹಳಸಿತ್ತಂತೆ, ನಾಯಿಗೆ ಹಾಕಿದಳಂತೆ. ನಾಯಿ ಮೂಸಿ ಹೋಯಿತಂತೆ. ಬೂಟು ಬಿಚ್ಚಿದರೆ ಪಾದ ಬನ್ನಿನ ಹಾಗೆ ಊದಿಕೊಂಡಿದೆ. ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲು ಇಡಿಸಿದೆ. ಕೂತಲ್ಲೇ ನಿದ್ದೆ ಹೋದಳು.

ಆಗಸ್ಟ್ ೨೩, ಭಾನುವಾರ. ಸಂಜೆ ನಾಲ್ಕು

ಬೆಳಿಗ್ಗೆ ಆರಕ್ಕೆ ಒಂದು ಲೋಟ ಟೀ ಕುಡಿದು ಇಳಿದವಳು. ರಿಲೀವರ್ ಪತ್ತೆ ಇಲ್ಲ. ಕಿಟಕಿಯಿಂದ ಮೂರು ಸಲ ಕೈಸನ್ನೆ ಮಾಡಿದೆ, ಉಂಡು ಹೋಗು ಅಂತ. ಮೂರು ಸಲವೂ ತಲೆ ಆಡಿಸಿದಳು. ಒಂದು ಕಾಲು ಬಿಟ್ಟು ಒಂದು ಕಾಲ ಮೇಲೆ ನಿಲ್ತಿದ್ದಾಳೆ, ಕೊಕ್ಕರೆ ಹಾಗೆ.

ಅನ್ನ ಬಿಸಿ ಇದೆ. ಮೆಟ್ಟಿಲು ಹದಿನೆಂಟು, ಅಷ್ಟೇ. ಫೋನ್ ಮಾಡ್ತೀನಿ. ಬರಲ್ಲ ಅಂದವರನ್ನ ಬರಿಸೋದು ನನಗೆ ಗೊತ್ತು.

ಆಗಸ್ಟ್ ೨೭, ಗುರುವಾರ

ನಾಲ್ಕು ದಿನ ಈ ಪುಸ್ತಕ ತೆಗೆಯಲಿಲ್ಲ. ಇವತ್ತು ಬರೀತೀನಿ. ಆದದ್ದನ್ನ ಆದ ಹಾಗೆ.

ಫೋನಿನಲ್ಲಿ "ತಲೆ ಸುತ್ತುತ್ತಿದೆ ಕಣೇ, ಕಣ್ಣು ಕತ್ತಲೆ ಬರ್ತಿದೆ" ಅಂದೆ. ಎದೆನೋವು ಅಂದಿದ್ದರೆ ಆಂಬುಲೆನ್ಸ್ ಕಳಿಸಿಬಿಡ್ತಿದ್ದಳು. ತಲೆಸುತ್ತು ಅಂದರೆ ತಾನೇ ಓಡಿ ಬರ್ತಾಳೆ. ಮೂವತ್ತೊಂದು ವರ್ಷ ರೋಗಿಗಳ ನಾಟಕ ನೋಡಿದವಳು ನಾನು. ದನಿ ಸಣ್ಣ ಮಾಡಿಕೊಂಡೆ.

ಎರಡೆರಡು ಮೆಟ್ಟಿಲು ಹಾರಿ ಬಂದಳು. ಮುಖದಲ್ಲಿ ರಕ್ತ ಇರಲಿಲ್ಲ. ನಾನು ತಟ್ಟೆ ಹಾಕಿಕೊಂಡು ಕೂತಿದ್ದೆ. ನಗ್ತಾ ಇದ್ದೆ, ಹಾಳಾದವಳು.

"ಅಜ್ಜೀ! ಏನಿದು?"

"ಏನಿಲ್ಲ. ಎರಡು ತುತ್ತು ತಿಂದು ಹೋಗು."

"ತಲೆ ಕೆಟ್ಟಿದೆಯಾ ನಿನಗೆ? ಪಾಯಿಂಟ್ ಬಿಟ್ಟು ಬಂದಿದೀನಿ!"

"ನಿನ್ನ ಪಾಯಿಂಟಿಗೇನು ರೆಕ್ಕೆ ಇದೆಯಾ, ಹಾರಿಹೋಗೋಕೆ? ಕೂತ್ಕೋ."

ಬೈದಳು. ಬಾಗಿಲ ತನಕ ವಾಪಸ್ ಹೋದಳು. ಅನ್ನದ ಹಬೆ ಅವಳ ಕಡೆಗೇ ಹೋಗ್ತಿತ್ತು. ನಿಂತಳು. ನಿಂತುಕೊಂಡೇ ನಾಲ್ಕು ತುತ್ತು ತಿಂದಳು. ಆಮೇಲೆ ಕೂತಳು. ನಾನೇ ಎರಡನೇ ಸಲ ಬಡಿಸಿದೆ.

ಕೆಳಗೆ ಯಾರೋ "ಪೊಲೀಸ್! ಪೊಲೀಸ್!" ಅಂತ ಕೂಗಿದರು. ಲಾರಿ ಮೇಲಿನ ಸ್ಪೀಕರು, ಡ್ರಮ್ಮು, ಸೀಟಿ — ಕುಣಿಯೋರು ಪೊಲೀಸರನ್ನ ರೇಗಿಸ್ತಿದ್ದಾರೆ ಅಂದುಕೊಂಡೆವು. "ನಿನ್ನನ್ನೇ ಕರೀತಿದಾರೆ ನೋಡು, ಯಾವನೋ ಮದುವೆ ಗಂಡೇ ಇರಬೇಕು" ಅಂದೆ. ನಕ್ಕಳು ಕೂಡ. ಬಾಯಲ್ಲಿ ತುತ್ತಿತ್ತು.

ಆಮೇಲೆ ಸ್ಪೀಕರ್ ನಿಂತುಹೋಯಿತು.

ತಟ್ಟೆ ತಳ್ಳಿ ಓಡಿದಳು. ಹಿಂದೆ ನಾನು. ಬ್ಯಾರಿಕೇಡ್ ಓರೆಯಾಗಿ ಸರಿದಿತ್ತು. ಕಾಯೋರಿಲ್ಲದ್ದು ನೋಡಿಕೊಂಡು ಸಂದಿಯಿಂದ ಮೂವರು ಒಳಗೆ ಬಂದಿದ್ದರಂತೆ. ಗೇಟಿನಿಂದ ಬಂದಿದ್ದರೆ ಚಾಕು ಅಲ್ಲೇ ಸಿಕ್ಕಿಬೀಳ್ತಿತ್ತು. ನೂಕುನುಗ್ಗಲಲ್ಲಿ ಫೋನ್ ಎಗರಿಸ್ತಿದ್ದರು. ಬೀಗದಂಗಡಿಯವನ ಮಗ ಒಬ್ಬನ ಕೈ ಹಿಡಿದ. ಬಿಡಲಿಲ್ಲ. ಅಷ್ಟೇ.

ಚಾಕು ಇಳಿದಿದ್ದು ತೊಡೆ ಮೇಲ್ಭಾಗಕ್ಕೆ. ಆ ಬಣ್ಣದ ರಕ್ತ ವಾರ್ಡಿನಲ್ಲಿ ನೋಡಿದ್ದೆ, ಇನ್ನೆಷ್ಟು ಹೊತ್ತು ಉಳೀತಾನೆ ಅನ್ನೋದೂ ಗೊತ್ತಿತ್ತು. ಆದರೂ ಟವೆಲ್ ಇಟ್ಟು, ಮಂಡಿ ಊರಿ, ಮೈಭಾರ ಎಲ್ಲ ಬಿಟ್ಟು ಒತ್ತಿದೆ.

"ಆಯಮ್ಮಾ, ನೋಯುತ್ತೆ" ಅಂದ.

"ನೋಯಲಿ ಬಿಡೋ. ನೋಯೋ ತನಕ ನೀನು ನಮ್ಮವನೇ" ಅಂದೆ.

ಆಮೇಲೆ ನೋವು ಅನ್ನಲಿಲ್ಲ.

ಮೂಲೆ ಕ್ಯಾಮೆರಾದಲ್ಲಿ ಇದೆಯಂತೆ. ಇವಳು ಹೋಗಿದ್ದು ನಾಲ್ಕು ಹದಿನೈದು. ಬಂದಿದ್ದು ನಾಲ್ಕು ಇಪ್ಪತ್ತೇಳು.

ಆಗಸ್ಟ್ ೩೦, ಭಾನುವಾರ

ಮೂವರನ್ನೂ ಹಿಡಿದರಂತೆ. ಒಬ್ಬನಿಗೆ ಮೀಸೆಯೂ ನೆಟ್ಟಗೆ ಮೂಡಿಲ್ಲವಂತೆ.

ಬೀಗದಂಗಡಿಯವನು ಮನೆಗೆ ಬಂದಿದ್ದ. ಇದೇ ಮೊದಲು ಈ ಮೆಟ್ಟಿಲು ಹತ್ತಿದ್ದು. ನನ್ನ ಎರಡೂ ಕೈ ಹಿಡಿದುಕೊಂಡು ಅತ್ತ.

"ಅವನ ಕೊನೇ ಹೊತ್ತಲ್ಲಿ ನಿಮ್ಮ ಕೈ ಇತ್ತಲ್ಲ ಆಯಮ್ಮಾ. ಅದೊಂದೇ ಸಮಾಧಾನ ನನಗೆ."

ಕೈ ಬಿಡಿಸಿಕೊಳ್ಳೋಕೆ ಆಗಲಿಲ್ಲ.

"ನಿಮ್ಮ ಮೊಮ್ಮಗಳನ್ನ ದೂರೋಕೆ ಬಂದಿಲ್ಲ. ಅವಳು ಆ ಹೊತ್ತು ಎಲ್ಲಿಗೆ ಹೋಗಿದ್ದಳು ಅಂತ ತಿಳಿದರೆ ಸಾಕು. ನೀವು ಯಾವಾಗಲೂ ಕಿಟಕೀಲೇ ಇರ್ತೀರಿ. ನೋಡಿದ್ರಾ?"

ನೀರು ಕೊಟ್ಟೆ. ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದ.

ಸೆಪ್ಟೆಂಬರ್ ೪, ಶುಕ್ರವಾರ

ಸಸ್ಪೆಂಡ್. ಕಾಗದ ತಂದು ಮೇಜಿನ ಮೇಲಿಟ್ಟಳು. ವಿಚಾರಣೆ ಈ ತಿಂಗಳಲ್ಲೇ.

ಈ ಮನೇಲಿ ಅವಳು ಉಣ್ಣೋದು ಬಿಟ್ಟು ಹನ್ನೆರಡು ದಿನ. ಹೊರಗೆ ತಿಂದೆ ಅಂತಾಳೆ. ಕತ್ತಿನ ಮೂಳೆ ಎದ್ದು ಕಾಣುತ್ತೆ. ನಾನೊಬ್ಬಳೇ ತಟ್ಟೆ ಮುಂದೆ ಕೂರ್ತೀನಿ. ಉಣ್ತೀನಿ. ಮಾತ್ರೆ ಖಾಲಿ ಹೊಟ್ಟೆಗೆ ನುಂಗೋ ಹಾಗಿಲ್ಲ ನೋಡು, ಬದುಕೋ ಆಸೆ ನನಗೆ.

ಸೆಪ್ಟೆಂಬರ್ ೧೦, ಗುರುವಾರ

ಅವಳ ಸ್ಟೇಷನ್ನಿನ ಹೆಡ್ ಕಾನ್‌ಸ್ಟೇಬಲ್ ಬಂದಿದ್ದ. ಒಳ್ಳೆಯವನು, ಹೊಟ್ಟೆ ಮಾತ್ರ ಮುಂದೆ. ಬಾಗಿಲು ಹಾಕಿಸಿ ಮೆಲ್ಲಗೆ ಹೇಳಿದ.

"ಆಯಮ್ಮನಿಗೆ ಆವತ್ತು ತಲೆಸುತ್ತು ಬಂದಿತ್ತು ಅಂತ ಒಂದು ಡಾಕ್ಟರ್ ಚೀಟಿ ತಂದ್ಬಿಡಮ್ಮ. ವಯಸ್ಸಾದೋರು. ಎಮರ್ಜೆನ್ಸಿ ಅಂತ ಬರ್ಕೊಂಡು ಮುಗಿಸ್ತಾರೆ."

ಅವನಿಗೆ ಏನೂ ಗೊತ್ತಿಲ್ಲ, ಪಾಪ. ತಾನಾಗೇ ಹೊಳೆದ ಉಪಾಯ.

ಮೊಮ್ಮಗಳು "ಬೇಡ ಸಾರ್" ಅಂದಳು. "ಆ ಸುಳ್ಳು ಒಂದು ಸಲ ಹೇಳಿದ್ದೇ ಸಾಕು."

ಅವನು ಹೋದ ಮೇಲೆ ಅವಳನ್ನ ಹಿಡಿದುಕೊಂಡೆ. ಬಯ್ಯಿ ಅಂದೆ. ಹೊಡಿ ಬೇಕಾದರೆ. ನಾನೇ ವಿಚಾರಣೆಗೆ ಬಂದು ಹೇಳ್ತೀನಿ, ಸುಳ್ಳು ಹೇಳಿ ಕರೆಸಿದ್ದು ನಾನು ಅಂತ. ಅದು ನಿಜ ತಾನೇ?

"ನೀನು ಬರಬೇಡ."

"ಯಾಕೆ?"

"ಬೀಗದಂಗಡಿ ಅಂಕಲ್‌ಗೆ ಗೊತ್ತಾಗುತ್ತೆ. ಬೀದಿಗೆ ಗೊತ್ತಾಗುತ್ತೆ. ನೀನು ಇಲ್ಲೇ ಇರಬೇಕಾದವಳು ಅಜ್ಜಿ."

"ಇರ್ತೀನಿ. ಉಗೀಲಿ ಬಿಡು. ನೀನು ಬಂದಿದ್ದು ನನ್ನಿಂದ ಕಣೇ."

ಟೀ ಲೋಟ ಎತ್ತಿ ಒಳಗಿಟ್ಟಳು. ಆಮೇಲೆ ಅಂದಳು — "ಮೊದಲ ಎರಡು ನಿಮಿಷ ನಿಂದು. ಉಳಿದ ಹತ್ತು ನಂದು. ಹಸಿವಾಗಿತ್ತು, ಕೂತು ಉಂಡೆ."

ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ಜಗಳ ಆಡಬಹುದಿತ್ತು.

ಸೆಪ್ಟೆಂಬರ್ ೨೨, ಮಂಗಳವಾರ

ಹೋದೆ. ಅವಳಿಗೆ ಹೇಳದೆ.

ಮೂರನೇ ಮಹಡಿ. ಲಿಫ್ಟ್ ಕೆಟ್ಟಿತ್ತು. ಕಾರಿಡಾರಿನ ಬೆಂಚಲ್ಲಿ ಎರಡು ಗಂಟೆ. ಕನ್ನಡಕದ ಸಾಹೇಬರು, ಪಕ್ಕದಲ್ಲಿ ಬರ್ಕೊಳ್ಳೋಳು ಒಬ್ಬಳು. ಎಲ್ಲ ಹೇಳಿದೆ. ತಲೆಸುತ್ತು ಇರಲಿಲ್ಲ, ನಾಟಕ ಆಡಿದೆ, ಎರಡನೇ ಸಲ ಬಡಿಸಿದೆ. ಬರ್ಕೊಳ್ಳೋಳು "ಹೆಬ್ಬೆಟ್ಟಾ ಅಜ್ಜಿ?" ಅಂದಳು. ನಾಲ್ಕನೇ ಕ್ಲಾಸ್ ಓದಿದೀನಿ ತಾಯಿ, ನಿನಗಿಂತ ಅಕ್ಷರ ಚೆನ್ನಾಗಿದೆ ಅಂದೆ. ಸಹಿ ಹಾಕಿದೆ.

ಸಾಹೇಬರು ಮೊಮ್ಮಗಳನ್ನ ಒಳಗೆ ಕರೆಸಿದರು. ನನ್ನ ನೋಡಿ ಅವಳ ಮುಖ ಕಲ್ಲಾಯಿತು.

"ನಿಮ್ಮಜ್ಜಿ ಫೋನ್ ಮಾಡಿದ್ದು ನಿಜಾನಾ?"

"ನಿಜ ಸಾರ್. ಊಟಕ್ಕೆ ಕರೆದರು. ಹೋದೆ."

"ಹುಷಾರಿಲ್ಲ ಅಂದರಾ?"

"ಇಲ್ಲ ಸಾರ್. ನನ್ನ ಉಳಿಸೋಕೆ ಹೀಗೆ ಹೇಳ್ತಿದಾರೆ."

ನಾನು ಎದ್ದು ನಿಂತೆ. "ಅವಳೇ ಸುಳ್ಳು ಹೇಳ್ತಿರೋದು ಸ್ವಾಮಿ, ನಾನಲ್ಲ!" ಅಂತ ಕೂಗಿದೆ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಕಡೆ ತುಂಬ ಕರುಣೆಯಿಂದ ನೋಡಿದರು.

"ಕೂತ್ಕೊಳ್ಳಿ ಅಜ್ಜಿ. ನನ್ನನ್ನೂ ಅಜ್ಜಿಯೇ ಸಾಕಿದ್ದು. ನನಗೆ ಗೊತ್ತಾಗುತ್ತೆ."

ಏನು ಗೊತ್ತಾಯ್ತೋ ಮಹರಾಯನಿಗೆ. ಜನ್ಮದಲ್ಲಿ ಒಂದು ಸಲ ಕಚೇರಿಯಲ್ಲಿ ನಿಂತು ನಿಜ ಹೇಳಿದೆ. ಮುದುಕಿಯ ಪ್ರೀತಿ ಅಂತ ಮಡಚಿ ಫೈಲಿಗೆ ಹಾಕಿದರು.

ವಾಪಸ್ ಬರೋವಾಗ ಬಸ್ಸಲ್ಲಿ ಪಕ್ಕದಲ್ಲೇ ಕೂತಿದ್ದಳು. ಕಿಟಕಿ ಕಡೆಗೇ ನೋಡ್ತಿದ್ದಳು. ಇಳಿಯೋವಾಗ ಮಾತ್ರ ನನ್ನ ತೋಳು ಹಿಡಿದಳು, ಮೆಟ್ಟಿಲು ಎತ್ತರ ಇತ್ತು ಅಂತ.

ಅಕ್ಟೋಬರ್ ೨, ಶುಕ್ರವಾರ

ಬೀಗದಂಗಡಿಗೆ ಹೋದೆ. ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು. ಒಬ್ಬನೇ ಕೂತು ಕೀಲಿಗೆ ಅರ ಹಾಕ್ತಿದ್ದ. ಮಗ ಕೂರ್ತಿದ್ದ ಸ್ಟೂಲ್ ಗೋಡೆಗೆ ಒರಗಿಸಿತ್ತು.

"ಕೂತ್ಕೊಳ್ಳಿ ಆಯಮ್ಮಾ" ಅಂದ. ಕೂರಲಿಲ್ಲ. ನಿಂತೇ ಹೇಳಿದೆ. ಎಲ್ಲ. ಅರ ನಿಂತಿತು.

"ವಿಚಾರಣೇಲೂ ಹೇಳಿದೆ. ನಂಬಲಿಲ್ಲ."

"ನಾನು ನಂಬ್ತೀನಿ" ಅಂದ.

ಕಾದೆ. ಬಯ್ಯಲಿ, ಅರವನ್ನೇ ಎತ್ತಿ ಎಸೆಯಲಿ ಅಂತ. ಕೀಲಿ ಕಡೆಗೇ ನೋಡ್ತಾ ಕೂತಿದ್ದ. ಆಮೇಲೆ ಕೇಳಿದ.

"ಹೊಟ್ಟೆ ತುಂಬ ಉಂಡಳಾ?"

ಅಣಕವೋ, ಕೇಳಿದ್ದೋ, ಇವತ್ತಿಗೂ ತಿಳೀತಿಲ್ಲ. ಹೂಂ ಅಂದೆ.

"ಸರಿ. ಹೋಗಿ."

ಅರ ಮತ್ತೆ ಶುರುವಾಯಿತು. ರಸ್ತೆ ದಾಟೋ ತನಕ ಅದೇ ಸದ್ದು.

ಅಕ್ಟೋಬರ್ ೯

ಅವನು ಯಾರಿಗೂ ಹೇಳಿಲ್ಲ. ಬೀದಿಯವರು ಈಗಲೂ ನಿಲ್ಲಿಸಿ ಮಾತಾಡಿಸ್ತಾರೆ — ಆಯಮ್ಮ ಆವತ್ತು ಹೇಗೆ ಒತ್ತಿ ಹಿಡಿದಿದ್ದರು ಅಂತ. ಅವನೊಬ್ಬನೇ ತಲೆ ಎತ್ತಲ್ಲ. ಕುರ್ಚಿ ಕಿಟಕಿಯಿಂದ ಒಳಗೆ ಎಳೆದುಕೊಂಡೆ. ಗೋಡೆ ನೋಡ್ತಾ ಕೂರ್ತೀನಿ.

ನವೆಂಬರ್ ೧೨, ಗುರುವಾರ

ಕೆಲಸ ಹೋಯಿತು. ಅರ್ಧ ಪುಟದ ಆರ್ಡರ್. ಯೂನಿಫಾರ್ಮ್ ಇಸ್ತ್ರಿ ಮಾಡಿ ವಾಪಸ್ ಕೊಟ್ಟು ಬಂದಳು. ಕೊಡೋದಕ್ಕೆ ಇಸ್ತ್ರಿ ಯಾಕೇ ಅಂದೆ. "ಇನ್ನೊಬ್ಬರು ಹಾಕ್ಕೋತಾರಲ್ಲ" ಅಂದಳು.

ಬೇರೆ ಊರಲ್ಲಿ ಯಾವುದೋ ದೊಡ್ಡ ಅಂಗಡಿ ಬಾಗಿಲಲ್ಲಿ ಬ್ಯಾಗ್ ತಡವೋ ಕೆಲಸ ಸಿಕ್ಕಿದೆಯಂತೆ. ಇರೋದಕ್ಕೆ ರೂಮು ಅವರೇ ಕೊಡ್ತಾರಂತೆ. ನನ್ನನ್ನೂ ಕರೆದುಕೊಂಡು ಹೋಗ್ತೀಯಾ ಅಂತ ಕೇಳಲಿಲ್ಲ. ಅವಳೂ ಬಾ ಅನ್ನಲಿಲ್ಲ.

ನವೆಂಬರ್ ೧೯, ಗುರುವಾರ. ಮಧ್ಯಾಹ್ನ

ಹೋದಳು. ಒಂದು ಸೂಟ್‌ಕೇಸ್, ಒಂದು ಕೈಚೀಲ.

ಬಾಗಿಲಲ್ಲಿ ಕೂತು ಶೂ ಹಾಕಿಕೊಂಡಳು.

"ಮಾತ್ರೆ ಮರೀಬೇಡ."

"ಮರೆಯಲ್ಲ."

"ತಣ್ಣೀರಲ್ಲಿ ಬಟ್ಟೆ ಒಗೀಬೇಡ. ಬೆರಳು ಮರಗಟ್ಟುತ್ತೆ."

"ಒಗೆಯಲ್ಲ ಕಣೇ. ಹೋಗು."

ಅಲ್ಲಿಗೆ ಮುಗೀತಲ್ಲ, ಏಳಬೇಕಿತ್ತು. ಏಳಲಿಲ್ಲ. ಕಟ್ಟಿದ ಲೇಸು ಬಿಚ್ಚಿ ಮತ್ತೆ ಕಟ್ಟಿದಳು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಒಲೆ ಮೇಲೆ ಅನ್ನ ಆಗಿತ್ತು, ಮುಚ್ಚಳ ಕುಣೀತಿತ್ತು. ಒಂದು ಸಲ ಆ ಕಡೆ ನೋಡಿದಳು. ಉಂಡು ಹೋಗೇ ಅಂತ ಬಾಯಿಗೆ ಬಂತು. ಹಲ್ಲು ಕಚ್ಚಿ ನುಂಗಿದೆ. ಈ ಜನ್ಮದಲ್ಲಿ ಅವಳಿಗೆ ಆ ಮಾತು ಹೇಳೋ ಹಾಗಿಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅವಳಿಗೆ ಚುಚ್ಚುತ್ತೆ ಅಂತ. ಎಷ್ಟು ಜಾಣೆ ನಾನು.

"ಸರಿ ಅಜ್ಜಿ. ಬರ್ತೀನಿ."

ಸೂಟ್‌ಕೇಸ್ ಒಂದೊಂದೇ ಮೆಟ್ಟಿಲಿಗೆ ಬಡೀತಾ ಇಳಿಯಿತು. ನಿಧಾನ. ನಡುವೆ ಒಂದು ಕಡೆ ನಿಂತಿತು ಕೂಡ. ಆಮೇಲೆ ಮತ್ತೆ ಇಳಿಯಿತು.

ಈಗ ಕೂತು ಬರೀತಿದ್ದರೆ ಅನ್ನಿಸ್ತಿದೆ... ಆ ಲೇಸು ಎರಡು ಸಲ ಕಟ್ಟಿದ್ದು, ಒಲೆ ಕಡೆ ನೋಡಿದ್ದು, ಮೆಟ್ಟಿಲ ನಡುವೆ ನಿಂತದ್ದು — ನನ್ನ ಮಗು ಕಾದಿದ್ದೇ ಆ ಒಂದು ಮಾತಿಗೆ ಆಗಿದ್ದರೆ...