ಬೆನ್ನು ತಿರುಗಿಸಿದ ಚಾಳು

ಮಿಲ್ ಚಾಳು, ಏಳನೇ ನಂಬರು, ಉದಗೀರ
ರವಿವಾರ, ೧೮-೨-೧೯೭೩

ಚಿ.ಸೌ. ಶಕುಂತಲೆಗೆ,

ನಾನು ಕ್ಷೇಮ. ನಿನ್ನ ಬೆನ್ನುನೋವು ಇಳಿಯಿತೇ? ಐದು ತಿಂಗಳ ನಮ್ಮ ಮುಕ್ತಾ ಹೇಗಿದ್ದಾಳೆ? ಬೋರಲು ಬೀಳುತ್ತಾಳಂತೆ, ನಿನ್ನ ಅಣ್ಣ ಬರೆದಿದ್ದ. ನಾನು ಅವಳನ್ನು ಕಂಡದ್ದು ತೊಟ್ಟಿಲಿಗೆ ಹಾಕಿದ ದಿನ ಮಾತ್ರ. ದಾಳಿಂಬ ಊರಿನ ನಿಮ್ಮ ಬಾವಿಯಲ್ಲಿ ಇನ್ನೂ ನೀರಿರಬೇಕು, ಇಲ್ಲದಿದ್ದರೆ ನಿನ್ನ ತವರಿನ ಜಂಬ ಇಷ್ಟು ದಿನ ನಡೆಯುತ್ತಿರಲಿಲ್ಲ.

ನಿನ್ನ ಕಾಗದ ತಲುಪಿತು. ‘ದಕ್ಷಿಣಕ್ಕ ಬಾಗಲಾ ಇದ್ದ ಮನಿಯೊಳಗ ನನ್ನ ಕೂಸಿನ್ನ ಒಯ್ಯಂಗಿಲ್ಲ’ ಎಂದು ಮೂರನೇ ಸಲ ಬರೆದಿದ್ದೀಯ. ಮನೆ ಸಿಕ್ಕ ವಾರವೇ, ನಾನಿನ್ನೂ ಒಳಗೆ ಹೊಗುವ ಮೊದಲೇ, ನಿನ್ನ ಅಣ್ಣ ನೋಡಿ ಹೋಗಿ ಚಾಡಿ ಹೇಳಿದನಲ್ಲ! ನೀನು ಹೆರಿಗೆಗೆ ಹೋದ ಮೇಲೆ ಸಿಕ್ಕ ಮನೆ ಇದು, ಇದರ ಕತೆ ನಿನಗೆ ಗೊತ್ತಿಲ್ಲ. ಹಠ ನಿನ್ನೊಬ್ಬಳದೇ ಅಲ್ಲ.

ಎಣ್ಣೆ ಮಿಲ್ಲು ಶುರುವಾದಾಗ ಪುಣೆಯ ಇಂಜಿನಿಯರು ಕೆಲಸಗಾರರಿಗೆಂದು ಒಂದೇ ಸಾಲಿನಲ್ಲಿ ಹನ್ನೆರಡು ಖೋಲಿ ಮನೆಗಳ ಈ ಚಾಳು ಕಟ್ಟಿಸಿದರು. ಬಾಗಿಲು ತೆರೆದರೆ ಮಿಲ್ಲಿನ ಗೇಟು ಕಾಣಬೇಕು, ಪಾಳಿಯ ಭೋಂಗಾ ಊದಿದೊಡನೆ ಆಳು ಹೊರಬೀಳಬೇಕು ಎಂಬುದು ಅವರ ಆಸೆ. ಗೇಟು ಇದ್ದದ್ದು ದಕ್ಷಿಣಕ್ಕೆ, ಹನ್ನೆರಡು ಬಾಗಿಲೂ ಅತ್ತಲೇ ಕೂತವು. ಒಬ್ಬನೂ ಸಂಸಾರ ತರಲಿಲ್ಲ. ಎರಡು ವರ್ಷ ಅಲ್ಲಿ ಗೇಟಿನ ವಾಚ್‌ಮನ್‌ನ ಆಡುಗಳು ಸುಖವಾಗಿ ಮಲಗಿದವು, ಅವಕ್ಕೆ ದಿಕ್ಕಿನ ಗೊಡವೆಯಿಲ್ಲ. ಆಮೇಲೆ ಬರ ಬಿತ್ತು. ಊರ ಬಾವಿಗಳು ಬತ್ತಿದವು, ಚಾಳಿಗೆ ಮಾತ್ರ ಮಿಲ್ಲಿನವರು ವಾರಕ್ಕೆರಡು ಸಲ ಟ್ಯಾಂಕರು ತರಿಸಿದರು. ನೀರಿನ ಮುಂದೆ ಯಮನ ದಿಕ್ಕು ಎಷ್ಟರದು? ಮೂಗು ಮುರಿಯುತ್ತಲೇ ಎಲ್ಲರೂ ಬಂದೆವು. ಮನೆ ಹೊಗುವ ದಿನ ಮಠದ ರಾಚಯ್ಯನವರನ್ನು ಕರೆಸಿದೆವು. ಅಯ್ಯನವರು ಅಂಗಳದಲ್ಲಿ ನಿಂತು, ‘ಶಿವ ಎಲ್ಲಾ ದಿಕ್ಕಿನ್ಯಾಗೂ ಅದಾನ್ರಿ, ಅಂಜಬ್ಯಾಡ್ರಿ’ ಎಂದು ಧೈರ್ಯ ಹೇಳಿದರು. ಹೇಳಿ, ಮೆಲ್ಲಗೆ ಹಿಂದಕ್ಕೆ ಸುತ್ತಿ ಹೋಗಿ ಉತ್ತರದ ಕಿಟಕಿಯಿಂದ ಕೈ ಚಾಚಿ ವಿಭೂತಿ ಕೊಟ್ಟರು. ನಗದವರಿಲ್ಲ.

ಆ ಕಿಟಕಿಯನ್ನೇ ನೋಡುತ್ತ ನಿಂತವನು ಫಿಟ್ಟರ್ ಗುರುಲಿಂಗಪ್ಪ. ಅಗಲ ಅಳೆದ, ಬಾಗಿಲಿನಷ್ಟೇ ಇತ್ತು. ಕೆಳಗಿನ ಇಟ್ಟಿಗೆ ಕಿತ್ತರೆ ಅದೇ ಬಾಗಿಲು. ಶೇಂಗಾ ಬಾರದೆ ಮಿಲ್ಲು ಒಂದೇ ಪಾಳಿ ನಡೆಯುತ್ತಿತ್ತು, ಕೈಗಳು ಖಾಲಿ ಇದ್ದವು. ಹಳೆಯ ಬಾಗಿಲು ಮುಚ್ಚಲು ಮಣ್ಣು ಕಲಸಬೇಕಲ್ಲ, ಅದಕ್ಕೆ ಪ್ರತಿ ಮನೆಯವರೂ ತಮ್ಮ ಪಾಲಿನ ನೀರಿನಲ್ಲಿ ಒಂದು ಕೊಡ ಕೊಟ್ಟರು. ಗೋಡೆ ಒಡೆಯಕೂಡದೆಂದು ಮ್ಯಾನೇಜರು ನೋಟಿಸು ಹಚ್ಚಿದರು. ಆದರೆ ಸಂಕ್ರಾಂತಿಯ ದಿನ ಗುರುಲಿಂಗಪ್ಪನ ಹೆಂಡತಿ ಮಲಕಮ್ಮ ಎಳ್ಳುಬೆಲ್ಲಕ್ಕೆ ಕರೆದಾಗ ಅವರೂ ಸುತ್ತು ಹಾಕಿ ಉತ್ತರದಿಂದಲೇ ಬಂದರು. ಆಮೇಲೆ ನೋಟಿಸಿನ ಸುದ್ದಿಯಿಲ್ಲ.

ನಮ್ಮ ಏಳನೇ ನಂಬರಿನ ಮಾತು ಬಿಡು. ಬಾಗಿಲು ಎತ್ತಲಾದರೂ ಇರಲಿ, ಒಳಗೆ ನಾನಿದ್ದೇನೆ. ಬರಬಾರದೇ?

ಅತ್ತೆ ಮಾವನವರಿಗೆ ಶರಣು ಹೇಳು. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು ಕೊಡು.

ನಿನ್ನ
ರೇವಣಸಿದ್ಧ

ತಾ.ಕ.: ಲಕೋಟೆ ಅಂಟಿಸುವಾಗ ಮಲಕಮ್ಮ ಬಂದು, ‘ಖರೇ ಬರೀತಿಯೋ ಇಲ್ಲೋ ತಮ್ಮಾ’ ಎಂದು ಬಯ್ದು ಹೋದಳು. ಬರೆಯುತ್ತೇನೆ. ನಮ್ಮ ಬಾಗಿಲು ತಿರುಗಿ ಮೂರು ತಿಂಗಳಾಯಿತು. ಗುರುಲಿಂಗಪ್ಪ ಅಳೆದ ಮರುದಿನವೇ, ಎಲ್ಲರಿಗಿಂತ ಮೊದಲು ಒಡೆದದ್ದು ನಮ್ಮ ಗೋಡೆಯನ್ನೇ. ನೀನು ಬಾಗಿಲಿಗಾಗಿ ಬರುತ್ತೀಯೋ, ನನಗಾಗಿ ಬರುತ್ತೀಯೋ ನೋಡೋಣವೆಂದು ಹೇಳದೆ ಉಳಿದೆ. ಆ ಹಠದಲ್ಲಿ ಮಗಳ ಮೂರು ತಿಂಗಳು ಕಳೆದುಕೊಂಡೆ. ತಪ್ಪು ನನ್ನದು. ಮುಂದಿನ ರವಿವಾರ ಮೊದಲ ಬಸ್ಸಿಗೆ ನಾನೇ ಬರುತ್ತೇನೆ. ಕೂಸು ನನ್ನ ಗುರುತು ಸಿಗದೆ ಅತ್ತರೆ ಅಳಲಿ, ನೀನು ಮಾತ್ರ ನಗಬೇಡ.