ಜೀಪಿನೊಳಗೆ ಅಪ್ಪನ ಬೈಕು

೧೦ ನವೆಂಬರ್ ೨೦೨೪, ರವಿವಾರ

ಇವತ್ತು ನಾನೂ ಸುಳ್ಳು ಹೇಳಿದೆನೋ ಇಲ್ಲವೋ, ಇನ್ನೂ ತಿಳಿಯುತ್ತಿಲ್ಲ.

ಕಣ್ಣು ಮಂದವಾಗಿದೆಯೆಂದು ಡಾಕ್ಟರು ಅಪ್ಪನಿಗೆ ಬೈಕ್ ಓಡಿಸುವುದನ್ನು ಬಿಡಿಸಿದ್ದಾರೆ. ಅದನ್ನು ಸಂಶಿಯಲ್ಲಿರುವ ಅಪ್ಪನ ಅಳಿಯ ಈರೇಶನಿಗೆ ಕೊಡುವುದೆಂದಾಯಿತು. ನಾನೇ ಓಡಿಸಿಕೊಂಡು ಹೋಗುತ್ತೇನೆಂದರೆ ಅಪ್ಪ ಒಪ್ಪಲಿಲ್ಲ. "ನೀ ಬ್ಯಾಡ ಲೇ, ಗೇರ್ ಹಾಳ ಮಾಡ್ತಿ."

ಕೊನೆಗೆ ಹೊಲಕ್ಕೆ ಒಯ್ಯುವ ಸಣ್ಣ ಜೀಪಿನ ಮೇಲಿನ ಹುಡ್ಡು, ಹಿಂದಿನ ಸೀಟು ಎರಡನ್ನೂ ಬಿಚ್ಚಿ, ಹಲಗೆ ಹಚ್ಚಿ ಬೈಕ್ ಏರಿಸಿದೆ. ಹಗ್ಗ ಬಿಗಿದರೂ ಅಪ್ಪನಿಗೆ ನಂಬಿಕೆಯಿಲ್ಲ. "ಹಗ್ಗ ಏನ್ ಹಿಡೀತದ, ನಾ ಹಿಡೀತೀನಿ" ಎಂದು ಬೈಕಿನ ಮೇಲೆಯೇ ಹತ್ತಿ ಕುಳಿತ.

ನಮ್ಮೂರು ಬಮ್ಮಿಗಟ್ಟಿ ಬಿಟ್ಟಾಗಿನಿಂದ ಕನ್ನಡಿಯಲ್ಲಿ ಅವನೇ. ನಾನು ಬ್ರೇಕ್ ಹಾಕಿದರೆ ಅವನೂ ಹಾಕುತ್ತಿದ್ದ. ತಿರುವು ಬಂದರೆ ಹಾರ್ನ್ ಅವನದೇ. ಎಷ್ಟು ಜೋರಾಗಿ ಹೋದರೂ ನನ್ನ ಬೆನ್ನು ಬಿಡಲಿಲ್ಲ.

ಈರೇಶ ಹೊಲದಿಂದ ಮನೆಗೆ ಬರುವಷ್ಟರಲ್ಲಿ ಬೈಕ್ ಇಳಿಸಿ ಆಗಿತ್ತು.

"ಗಾಡಿ ಯಾರ ಹೊಡಕೊಂಡ ಬಂದ್ರಿ, ಮಾವಾರ?"

"ನಾನ ಹೊಡಕೊಂಡ ಬಂದೆನ್ರಿ" ಎಂದ ಅಪ್ಪ.

ಈರೇಶ ಗಾಬರಿಯಿಂದ ನನ್ನತ್ತ ನೋಡಿದ. ಅಪ್ಪನೂ ನೋಡಿದ. ನಾನು ಹಗ್ಗ ಸುತ್ತುತ್ತ ನಿಂತಿದ್ದೆ.

"ಹೌದ್ರಿ" ಎಂದೆ. "ನಾ ಮುಂದ ಜೀಪಿನ್ಯಾಗ, ಅಪ್ಪಾ ಹಿಂದ ಬೈಕಿನ ಮ್ಯಾಲ."